ಟ್ರಿನಿಡಾಡ್ ಸುತ್ತುವುದು ಹೇಗೆ? ಹೊತ್ತು ನೋಡಿ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಕೆರಿಬಿಯನ್ ದ್ವೀಪ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ಬಿಳಿ ಮರಳೂ ನೀಲಿ ನೀರೂ ಕಣ್ಣಿಗೆ ಕಟ್ಟುತ್ತವೆ. ಅದಷ್ಟನ್ನೇ ಬಯಸಿ ಟ್ರಿನಿಡಾಡ್‌ಗೆ ಹೋದವರಿಗೆ ಮೊದಲ ದಿನವೇ ನಿರಾಸೆಯಾಗುತ್ತದೆ. ವೆನೆಜುವೆಲಾ ಇಲ್ಲಿಂದ ಸುಮಾರು 11 ಕಿಲೋಮೀಟರ್ ದೂರವಷ್ಟೇ. ಅಲ್ಲಿಂದ ಒರಿನೋಕೊ ನದಿ ಹೊತ್ತು ತರುವ ಕೆಸರಿನಿಂದ ಈ ದ್ವೀಪದ ಪಶ್ಚಿಮದ ಕಡಲು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಆದರೆ ಕೊಡಗು ಜಿಲ್ಲೆಗಿಂತ ತುಸುವೇ ದೊಡ್ಡದಾದ ಈ ನೆಲದಲ್ಲಿ ಇರುವಷ್ಟು ಬಗೆ ಬಗೆಯ ನೋಟ ಆ ಭಾಗದ ಇನ್ನಾವ ದ್ವೀಪದಲ್ಲೂ ಇಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಡಾಂಬರಿನ ಕೆರೆ, ಕೆಂಡದ ಬಣ್ಣದ ಹಕ್ಕಿಗಳು, ದಡಕ್ಕೆ ಬಂದು ಮೊಟ್ಟೆಯಿಡುವ ದೈತ್ಯ ಕಡಲಾಮೆಗಳು, ಸಮುದ್ರದೊಳಗೊಂದು ಗುಡಿ, ಬೆಳಗಿನ ಬಿಸಿ ಕಡಲೆ ಪಲ್ಯ, ಎಲ್ಲವೂ ಇಲ್ಲಿವೆ.

ಇವುಗಳಲ್ಲಿ ಒಂದೊಂದಕ್ಕೂ ಅದರದೇ ಹೊತ್ತಿದೆ. ಹಕ್ಕಿ ಸಂಜೆಗೆ, ಆಮೆ ನಡುರಾತ್ರಿಗೆ, ಗುಡಿ ಉಬ್ಬರವಿಳಿತಕ್ಕೆ, ‘ಡಬಲ್ಸ್’ ಎಂಬ ಕಡಲೆ ಪಲ್ಯದ ತಿಂಡಿ ಬೆಳಗಿಗೆ. ಜಾಗಗಳ ಪಟ್ಟಿ ಹಿಡಿದು ಓಡಾಡಿದವರಿಗೆ ಇವುಗಳಲ್ಲಿ ಅರ್ಧ ತಪ್ಪಿಹೋಗುತ್ತವೆ. ಆದ್ದರಿಂದ ಈ ಮಾರ್ಗದರ್ಶಿಯನ್ನು ಗಡಿಯಾರಕ್ಕೆ ಹೊಂದಿಸಿ ಬರೆದಿದ್ದೇನೆ.

ಹಂತ 1: ತಿಂಗಳು ಗೊತ್ತು ಮಾಡಿಕೊಳ್ಳಿ

ಜನವರಿಯಿಂದ ಮೇವರೆಗೆ ಒಣ ಹವೆ, ಜೂನ್‌ನಿಂದ ಡಿಸೆಂಬರ್‌ವರೆಗೆ ಮಳೆ. ಜಗತ್ತಿಗೆ ಗೊತ್ತಿರುವ ಕಾರ್ನಿವಲ್ ನಡೆಯುವುದು ಕ್ರೈಸ್ತರ ಬೂದಿ ಬುಧವಾರಕ್ಕೆ ಮುಂಚಿನ ಸೋಮವಾರ ಮತ್ತು ಮಂಗಳವಾರ, ಅಂದರೆ ಫೆಬ್ರವರಿಯಲ್ಲಿ ಅಥವಾ ಮಾರ್ಚ್ ಮೊದಲ ಭಾಗದಲ್ಲಿ. ಸೋಮವಾರ ಬೆಳಕು ಹರಿಯುವ ಮುನ್ನವೇ ಜನ ಮೈಗೆ ಕೆಸರು, ಬಣ್ಣ ಬಳಿದುಕೊಂಡು ಬೀದಿಗಿಳಿಯುತ್ತಾರೆ. ಈ ಹೊತ್ತಿಗೆ ಅಲ್ಲಿ ‘ಜೂವೆ’ ಎನ್ನುತ್ತಾರೆ. ಕಾರ್ನಿವಲ್ಲೇ ನಿಮ್ಮ ಗುರಿಯಾದರೆ ವಸತಿಯನ್ನು ತಿಂಗಳುಗಟ್ಟಲೆ ಮೊದಲೇ ಕಾಯ್ದಿರಿಸಬೇಕು, ಆ ವಾರದ ದರವೂ ಹೆಚ್ಚು.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಏಪ್ರಿಲ್ ಮತ್ತು ಮೇ ತಿಂಗಳು. ಕಾರ್ನಿವಲ್ ಗದ್ದಲ ಮುಗಿದಿರುತ್ತದೆ, ಮಳೆ ಇನ್ನೂ ಹಿಡಿದಿರುವುದಿಲ್ಲ, ಆಮೆಗಳು ಅತಿ ಹೆಚ್ಚು ಬರುವ ಕಾಲವೂ ಅದೇ. ಮೇ 30ರವರೆಗೆ ಇರಲು ಸಾಧ್ಯವಾದರೆ ಇನ್ನೂ ಒಳ್ಳೆಯದು. 1845ರ ಅದೇ ದಿನ ‘ಫತೆಲ್ ರಜಾಕ್’ ಎಂಬ ಹಡಗು ಕಲ್ಕತ್ತೆಯಿಂದ ಇನ್ನೂರಕ್ಕೂ ಹೆಚ್ಚು ಕರಾರು ಕೂಲಿಗಳನ್ನು ಹೊತ್ತು ಇಲ್ಲಿಗೆ ಬಂದಿತ್ತು. ಈಗ ಅದು ‘ಭಾರತೀಯರ ಆಗಮನ ದಿನ’, ದೇಶಕ್ಕೆಲ್ಲ ರಜೆ.

ಹಂತ 2: ಕಾಗದಪತ್ರ, ಅದರಲ್ಲೂ ಹಳದಿ ಜ್ವರದ ಲಸಿಕೆ

ಭಾರತದಿಂದ ಟ್ರಿನಿಡಾಡ್‌ಗೆ ನೇರ ವಿಮಾನವಿಲ್ಲ. ಯುರೋಪ್ ಅಥವಾ ಅಮೆರಿಕದ ಯಾವುದಾದರೂ ನಗರದಲ್ಲಿ ಇಳಿದು ವಿಮಾನ ಬದಲಿಸಬೇಕು. ಅಮೆರಿಕದ ಮೂಲಕ ಹೋಗುವುದಾದರೆ ಆ ದೇಶದ ವೀಸಾ ಇಲ್ಲದೆ ಆಗುವುದಿಲ್ಲ. ಹಾಗಾಗಿ ಮೊದಲು ದಾರಿಯನ್ನು ಆರಿಸಿ, ಆಮೇಲೆ ಟಿಕೆಟ್ ತೆಗೆಯಿರಿ. ಟ್ರಿನಿಡಾಡ್‌ನ ಸ್ವಂತ ಪ್ರವೇಶ ನಿಯಮವನ್ನು ಹೊಸದಿಲ್ಲಿಯಲ್ಲಿರುವ ಅದರ ಹೈಕಮಿಷನ್‌ನಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ಎಷ್ಟೋ ಜನ ಮರೆಯುವ ವಿಷಯವೊಂದಿದೆ. ಹಳದಿ ಜ್ವರ ಇರುವ ದೇಶಗಳ ಭಾರತೀಯ ಪಟ್ಟಿಯಲ್ಲಿ ಟ್ರಿನಿಡಾಡ್ ಸೇರಿದೆ. ಲಸಿಕೆಯ ಪ್ರಮಾಣಪತ್ರವಿಲ್ಲದೆ ನೇರವಾಗಿ ಊರಿಗೆ ಮರಳಿದರೆ ಭಾರತದ ವಿಮಾನ ನಿಲ್ದಾಣದಲ್ಲೇ ತಡೆದು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವ ಅಧಿಕಾರ ಆರೋಗ್ಯಾಧಿಕಾರಿಗಳಿಗಿದೆ. ಲಸಿಕೆಯನ್ನು ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಹಾಕಿಸಿಕೊಂಡು 10 ದಿನ ಕಳೆದ ಮೇಲಷ್ಟೇ ಪ್ರಮಾಣಪತ್ರ ಊರ್ಜಿತವಾಗುತ್ತದೆ. ಒಮ್ಮೆ ಹಾಕಿಸಿಕೊಂಡರೆ ಜೀವನವಿಡೀ ಸಾಕು. ಹೊರಡುವ ಒಂದು ತಿಂಗಳ ಮೊದಲೇ ಈ ಕೆಲಸ ಮುಗಿಸಿ. ವಯಸ್ಸಾದ ತಂದೆ ತಾಯಿಯನ್ನು ಕರೆದೊಯ್ಯುವವರು ಅವರಿಗೆ ಈ ಲಸಿಕೆ ಹಾಕಿಸಬಹುದೇ ಎಂದು ವೈದ್ಯರನ್ನು ತಪ್ಪದೆ ಕೇಳಬೇಕು.

ಪೆಟ್ಟಿಗೆ ಕಟ್ಟುವಾಗ ಸೈನಿಕರ ಸಮವಸ್ತ್ರದ ಹಾಗೆ ಹಸಿರು ಕಂದು ಮಚ್ಚೆಗಳಿರುವ ಬಟ್ಟೆ, ಟೋಪಿ, ಚೀಲ ಯಾವುದನ್ನೂ ಇಡಬೇಡಿ. ಆ ವಿನ್ಯಾಸವನ್ನು ಸಾಮಾನ್ಯ ಜನ ತೊಡುವುದು ಅಲ್ಲಿ ಕಾನೂನಿಗೆ ವಿರುದ್ಧ, ಮಕ್ಕಳ ಬಟ್ಟೆಗೂ ವಿನಾಯಿತಿ ಇಲ್ಲ. ಗೋಡೆಯ ಪ್ಲಗ್ಗು ಅಮೆರಿಕದ ಮಾದರಿಯದು, ಅಡಾಪ್ಟರ್ ಬೇಕು. ಸೊಳ್ಳೆಗೆ ಹಚ್ಚುವ ಮುಲಾಮು ಬೇಕೇ ಬೇಕು.

ಹಂತ 3: ಎಲ್ಲಿ ಉಳಿಯುವುದು, ಹೇಗೆ ಓಡಾಡುವುದು

ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನ ವುಡ್‌ಬ್ರೂಕ್ ಬಡಾವಣೆ ಮೊದಲ ಸಲದವರಿಗೆ ಅನುಕೂಲ. ಊಟ, ಕ್ರಿಕೆಟ್ ಮೈದಾನ, ಸಂಗೀತದ ಅಂಗಳ ಎಲ್ಲವೂ ಅಲ್ಲಿಂದ ಹತ್ತಿರ. ಇಲ್ಲಿನ ಖಾಸಗಿ ಮಿನಿ ಬಸ್ಸಿಗೆ ‘ಮ್ಯಾಕ್ಸಿ’ ಎನ್ನುತ್ತಾರೆ. ಬದಿಗೆ ಬಳಿದ ಪಟ್ಟೆಯ ಬಣ್ಣ ನೋಡಿದರೆ ಅದು ಎತ್ತ ಹೋಗುತ್ತದೆಂದು ತಿಳಿಯುತ್ತದೆ. ಹಳದಿ ಪಟ್ಟೆ ರಾಜಧಾನಿಯ ಸುತ್ತಮುತ್ತ, ಕೆಂಪು ಪೂರ್ವಕ್ಕೆ, ಹಸಿರು ಮಧ್ಯ ಭಾಗದ ಶಗುವಾನಸ್ ಮತ್ತು ದಕ್ಷಿಣದ ಸ್ಯಾನ್ ಫರ್ನಾಂಡೊ ಕಡೆಗೆ. ಕೆಂಪು, ಹಸಿರು ಪಟ್ಟೆಯವು ಬಂದು ನಿಲ್ಲುವ ದೊಡ್ಡ ನಿಲ್ದಾಣ ‘ಸಿಟಿ ಗೇಟ್’. ಪ್ರಯಾಣಿಕರನ್ನು ಬಾಡಿಗೆಗೆ ಕರೆದೊಯ್ಯುವ ಪ್ರತಿ ವಾಹನದ ನೋಂದಣಿ ಸಂಖ್ಯೆ ಇಂಗ್ಲಿಷಿನ ‘ಎಚ್’ ಅಕ್ಷರದಿಂದ ಶುರುವಾಗಬೇಕು. ಹಾಗಿಲ್ಲದ ಕಾರು ಎಷ್ಟೇ ಕಡಿಮೆ ದುಡ್ಡಿಗೆ ಕರೆದರೂ ಹತ್ತಬೇಡಿ.

ವಾಹನಗಳು ನಮ್ಮಂತೆಯೇ ಎಡಬದಿಯಲ್ಲಿ ಓಡುತ್ತವೆ. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇದ್ದವರು ಕಾರು ಬಾಡಿಗೆಗೆ ಪಡೆದು ಆರಾಮವಾಗಿ ಓಡಿಸಬಹುದು. ನನ್ನನ್ನು ಕೇಳಿದರೆ, ಮಧ್ಯ ಮತ್ತು ದಕ್ಷಿಣ ಭಾಗ ನೋಡುವ ಎರಡು ದಿನಗಳಿಗೆ ಚಾಲಕನ ಸಮೇತ ಕಾರು ಗೊತ್ತು ಮಾಡುವುದೇ ಲೇಸು. ದಾರಿಯಲ್ಲಿ ಸಿಗುವ ಕಥೆ ಆ ಹಣಕ್ಕಿಂತ ಹೆಚ್ಚು ಬಾಳುತ್ತದೆ. ಬಾಡಿಗೆಯನ್ನು ಮಾತ್ರ ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ.

ಮ್ಯಾಕ್ಸಿ ಹತ್ತಿದರೂ ಅಂಗಡಿಗೆ ಕಾಲಿಟ್ಟರೂ ಮೊದಲು ಎಲ್ಲರಿಗೂ ಕೇಳುವಂತೆ ‘ಗುಡ್ ಮಾರ್ನಿಂಗ್’ ಎನ್ನಬೇಕು. ನೇರವಾಗಿ ಬೆಲೆ ಕೇಳಿದರೆ ಒರಟುತನ ಎನಿಸುತ್ತದೆ. ಕತ್ತಲಾದ ಮೇಲೆ ಭೇಟಿಯಾದವರು ‘ಗುಡ್ ನೈಟ್’ ಎಂದರೆ ಬೀಳ್ಕೊಡುತ್ತಿದ್ದಾರೆಂದು ತಿಳಿಯಬೇಡಿ, ಅಲ್ಲಿ ಅದು ಬರಮಾಡಿಕೊಳ್ಳುವ ಮಾತು.

ಸುರಕ್ಷತೆಯ ವಿಷಯ ಮುಚ್ಚಿಡಬಾರದು. ದೇಶದಲ್ಲಿ ಬಂದೂಕಿನ ಅಪರಾಧಗಳಿವೆ. ರಾಜಧಾನಿಯ ಪೂರ್ವದ ಲಾವೆಂಟಿಲ್, ಬೀಟಮ್, ಸೀ ಲಾಟ್ಸ್ ಭಾಗಗಳಿಗೆ ಸುಮ್ಮನೆ ತಿರುಗಾಡಲು ಹೋಗಬೇಡಿ, ರಾತ್ರಿ ನಗರದ ನಡುವೆ ನಡೆದು ಹೋಗಬೇಡಿ. ಹೊರಡುವ ವಾರ ಅಲ್ಲಿನ ಸುದ್ದಿ ಓದಿ. ಪೊಲೀಸರ ತುರ್ತು ಸಂಖ್ಯೆ 999, ಆಂಬ್ಯುಲೆನ್ಸ್‌ಗೆ 811.

ಹಂತ 4: ಮೊದಲ ದಿನ, ಡಬಲ್ಸ್‌ನಿಂದ ಶುರು

ಹೋಟೆಲಿನಲ್ಲಿ ತಿಂಡಿ ತಿನ್ನಬೇಡಿ. ಬೆಳಿಗ್ಗೆ ರಸ್ತೆ ಬದಿಯಲ್ಲಿ ಜನ ಸುತ್ತುವರಿದು ನಿಂತಿರುವ ಗಾಡಿಯನ್ನು ಹುಡುಕಿ. ಮಾರುವವನು ಅಂಗೈ ಮೇಲೆ ಒಂದು ಕಾಗದ ಹಾಸುತ್ತಾನೆ. ಅದರ ಮೇಲೆ ಅರಿಶಿನ ಬೆರೆಸಿದ ಮೈದಾದ ಎರಡು ಮೆತ್ತನೆಯ ‘ಬರಾ’, ಒಂದರ ಅಂಚಿನ ಮೇಲೆ ಇನ್ನೊಂದು. ಬಿಸಿ ಕಾಬೂಲಿ ಕಡಲೆಯ ಪಲ್ಯ ಒಂದು ಚಮಚ, ಸೌತೆಕಾಯಿ, ಹುಣಸೆಯ ಚಟ್ನಿ, ‘ಕುಚೇಲ’ ಎಂಬ ಮಾವಿನಕಾಯಿಯ ಉಪ್ಪಿನಕಾಯಿ. ಕೊನೆಗೆ ತಲೆಯೆತ್ತದೆ ಒಂದೇ ಪ್ರಶ್ನೆ, ಖಾರ ಎಷ್ಟು? ‘ಸ್ಲೈಟ್’, ಅಂದರೆ ತುಸುವೇ, ಎನ್ನಿ. ಆ ಖಾರ ಸ್ಕಾಚ್ ಬಾನೆಟ್ ಜಾತಿಯ ಮೆಣಸಿನದು, ಬ್ಯಾಡಗಿ ತಿಂದು ಪಳಗಿದ ನಾಲಗೆಯನ್ನೂ ಅದು ಲೆಕ್ಕಕ್ಕೆ ಇಡುವುದಿಲ್ಲ. ಕಾಗದದ ಎರಡು ತುದಿಗಳನ್ನು ಒಮ್ಮೆ ತಿರುಚಿದರೆ ಪೊಟ್ಟಣ ಸಿದ್ಧ. ನಿಂತಲ್ಲೇ ಬಿಚ್ಚಿ, ಬರಾ ಹರಿದು ಅದರಲ್ಲೇ ಕಡಲೆ ಮೊಗೆದು ತಿನ್ನಬೇಕು. ಕೊತ್ತಂಬರಿಯಂತೆ ಘಮಿಸುವ ಸೊಪ್ಪು ಕೊತ್ತಂಬರಿಯಲ್ಲ, ಅಲ್ಲಿನವರು ಅದಕ್ಕೆ ‘ಶಾಡೊ ಬೆನಿ’ ಅಥವಾ ‘ಬಂಧನಿಯಾ’ ಎನ್ನುತ್ತಾರೆ. ಒಂದರ ಬದಲು ಎರಡು ಬರಾ ಹಾಕು ಎಂದು ಗಿರಾಕಿಗಳು ಕೇಳಿದ್ದರಿಂದ ‘ಡಬಲ್ಸ್’ ಎಂಬ ಹೆಸರು ಬಂತು. 1930ರ ದಶಕದಲ್ಲಿ ಪ್ರಿನ್ಸಸ್ ಟೌನ್‌ನಲ್ಲಿ ಹುಟ್ಟಿದ ತಿಂಡಿ ಇದು. ಕೈಯಲ್ಲಿ ಚಿಲ್ಲರೆ ಸ್ಥಳೀಯ ಡಾಲರ್ ಇರಲಿ.

ಸಸ್ಯಾಹಾರಿಗಳಿಗೆ ಕೆರಿಬಿಯನ್‌ನಲ್ಲಿ ಇಷ್ಟು ಸುಲಭದ ದ್ವೀಪ ಇನ್ನೊಂದಿಲ್ಲ. ಬೇಳೆಯ ಪುಡಿ ತುಂಬಿದ ದಾಲ್‌ಪುರಿ, ಚಿಂದಿ ಬಟ್ಟೆಯ ಹಾಗೆ ಹರಿದು ಬಡಿಸುವ ‘ಬಸ್ ಅಪ್ ಶಟ್’ ರೊಟ್ಟಿ, ಸುಟ್ಟ ಬದನೆಯ ಚೋಖಾ, ಅಲಸಂದೆಯ ಪಲ್ಯ, ಎಲ್ಲವೂ ರೊಟ್ಟಿ ಅಂಗಡಿಗಳಲ್ಲಿ ಸಿಗುತ್ತವೆ.

ತಿಂಡಿಯಾದ ಮೇಲೆ ಬಿಸಿಲೇರುವ ಮುನ್ನ ಕ್ವೀನ್ಸ್ ಪಾರ್ಕ್ ಸವಾನಾ ಎಂಬ ವಿಶಾಲ ಬಯಲಿಗೆ ಹೋಗಿ. ಅದರ ಪಶ್ಚಿಮ ಅಂಚಿನಲ್ಲಿ ‘ಮ್ಯಾಗ್ನಿಫಿಸೆಂಟ್ ಸೆವೆನ್’ ಎನ್ನುವ ಏಳು ಹಳೆಯ ಭವ್ಯ ಕಟ್ಟಡಗಳು ಸಾಲಾಗಿ ನಿಂತಿವೆ. ಬಯಲಿನ ಉತ್ತರಕ್ಕೆ 1818ರಲ್ಲಿ ಆರಂಭವಾದ ಸಸ್ಯೋದ್ಯಾನವಿದೆ. ಇವೆರಡಕ್ಕೆ ಅರ್ಧ ದಿನ ಸಾಕು.

ಮಧ್ಯಾಹ್ನ ಕ್ವೀನ್ಸ್ ಪಾರ್ಕ್ ಓವಲ್ ಎಂಬ ಕ್ರಿಕೆಟ್ ಮೈದಾನಕ್ಕೆ ಹೋಗದೆ ಕನ್ನಡಿಗರು ಊರು ಬಿಡಬಾರದು. 1976ರ ಏಪ್ರಿಲ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧದ ಟೆಸ್ಟ್‌ನಲ್ಲಿ ಭಾರತ ಇಲ್ಲಿ 403 ರನ್‌ಗಳ ಗುರಿ ಬೆನ್ನಟ್ಟಿ 4 ವಿಕೆಟ್‌ಗೆ 406 ಹೊಡೆದು ಗೆದ್ದಿತು. ಗಾವಸ್ಕರ್ ಶತಕ ಎಲ್ಲರಿಗೂ ನೆನಪಿದೆ. ಆ ಇನಿಂಗ್ಸ್‌ನ ಅತಿ ಹೆಚ್ಚಿನ ಮೊತ್ತ ಮಾತ್ರ ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಅವರ 112. ಮೊದಲ ಇನಿಂಗ್ಸ್‌ನಲ್ಲಿ ಬಿ.ಎಸ್. ಚಂದ್ರಶೇಖರ್ 6 ವಿಕೆಟ್ ಕಿತ್ತಿದ್ದರು. ಗೆಲುವಿನ ದಡ ಮುಟ್ಟಿಸುವಾಗ ಬ್ರಿಜೇಶ್ ಪಟೇಲ್ 49 ರನ್ ಗಳಿಸಿ ಅಜೇಯರಾಗಿದ್ದರು. ಉತ್ತರದ ಗುಡ್ಡಸಾಲು ಹಿಂದೆ ಕಾಣುವಂತೆ ಗ್ಯಾಲರಿಯಲ್ಲಿ ಹತ್ತು ನಿಮಿಷ ಕೂತರೆ ರೇಡಿಯೊಗೆ ಕಿವಿಯಿಟ್ಟು ಕೂತಿದ್ದ ಒಂದು ತಲೆಮಾರಿನ ಖುಷಿ ಏನೆಂದು ಅರ್ಥವಾಗುತ್ತದೆ.

ಜನವರಿ, ಫೆಬ್ರವರಿಯಲ್ಲಿ ಹೋದವರಿಗೆ ಸಂಜೆ ‘ಪ್ಯಾನ್ ಯಾರ್ಡ್’ ಕಾದಿರುತ್ತದೆ. ಎಣ್ಣೆಯ ಪೀಪಾಯಿಗಳನ್ನು ಬಡಿದು ಸ್ವರ ಕೂರಿಸಿದ ಸ್ಟೀಲ್ ಪ್ಯಾನ್ ಹುಟ್ಟಿದ್ದು ಈ ನಗರದ ಬಡ ಕೇರಿಗಳಲ್ಲಿ. ಕಾರ್ನಿವಲ್ ಸ್ಪರ್ಧೆಗಾಗಿ ನೂರು ಜನರ ತಂಡಗಳು ರಾತ್ರಿಯೆಲ್ಲ ಈ ಬಯಲು ಅಂಗಳಗಳಲ್ಲಿ ಅಭ್ಯಾಸ ಮಾಡುತ್ತವೆ. ಯಾರು ಬೇಕಾದರೂ ಹೋಗಿ ಕೇಳಬಹುದು. ಒಂದೇ ಸಾಲನ್ನು ಇಪ್ಪತ್ತು ಸಲ ತಿದ್ದಿ ನುಡಿಸುವುದನ್ನು ನೋಡುವ ಸುಖ ಕಛೇರಿಯಲ್ಲೂ ಸಿಗದು.

ಹಂತ 5: ಎರಡನೆಯ ದಿನ, ಬೆಳಿಗ್ಗೆ ಗುಡಿ, ಸಂಜೆ ಹಕ್ಕಿ

ಇದು ಇಡೀ ಪ್ರವಾಸದ ತಿರುಳು. ಹಿಂದಿನ ರಾತ್ರಿಯೇ ಪಶ್ಚಿಮ ಕರಾವಳಿಯ ಉಬ್ಬರವಿಳಿತದ ವೇಳೆ ನೋಡಿಟ್ಟುಕೊಳ್ಳಿ. ನೀರು ಏರಿದಾಗ ವಾಟರ್‌ಲೂ ಊರಿನ ಗುಡಿ ನಿಜಕ್ಕೂ ಸಮುದ್ರದಲ್ಲಿರುತ್ತದೆ. ಇಳಿದಾಗ ಸುತ್ತಲೂ ಕೆಸರು ಬಯಲು, ಅದರಲ್ಲಿ ಮೇಯುವ ನೂರಾರು ನೀರುಹಕ್ಕಿಗಳು. ಎರಡೂ ಚೆಂದವೇ, ಆದರೆ ಮೊದಲ ನೋಟ ಉಬ್ಬರದಲ್ಲಿ ಸಿಕ್ಕರೆ ಕಥೆ ಮನಸ್ಸಿಗೆ ಇಳಿಯುತ್ತದೆ.

ಕಥೆ ಸಿವದಾಸ್ ಸಾಧು ಎಂಬ ಕಬ್ಬಿನ ಗದ್ದೆಯ ಕೂಲಿಯದು. 1947ರಲ್ಲಿ ಆತ ದಡದಲ್ಲೊಂದು ಪುಟ್ಟ ಗುಡಿ ಕಟ್ಟಿದ. ಜಾಗ ಸಕ್ಕರೆ ಕಂಪನಿಗೆ ಸೇರಿದ್ದು. ಕೆಡವೆಂದರೆ ಕೆಡವಲಿಲ್ಲ. ಕೊನೆಗೆ ಗುಡಿಯನ್ನು ಉರುಳಿಸಿದರು, ಆತನಿಗೆ 14 ದಿನ ಜೈಲಾಯಿತು. ಹೊರಬಂದವನು ಯಾರ ಹೆಸರಿನ ಖಾತೆಯೂ ಇಲ್ಲದ ಜಾಗ ಹುಡುಕಿದ. ಅದು ಸಮುದ್ರ. ನೀರು ಇಳಿದಾಗ ಪೀಪಾಯಿಗಳನ್ನು ನಿಲ್ಲಿಸಿ ಕಾಂಕ್ರೀಟು ತುಂಬುವುದು, ಕಲ್ಲು, ಸಿಮೆಂಟನ್ನು ಸೈಕಲ್ ಮೇಲೆ ಹೇರಿ ತರುವುದು, ಮುಂದಿನ ಉಬ್ಬರ ಒಂದಿಷ್ಟನ್ನು ಕೊಚ್ಚಿಕೊಂಡು ಹೋಗುವುದು, ಹೀಗೆಯೇ ವರ್ಷಗಟ್ಟಲೆ ನಡೆಯಿತು. ಜನ ಹುಚ್ಚನೆಂದರು. ಈಗಿರುವ ಎಂಟು ಮೂಲೆಯ ಗುಡಿಯನ್ನು ಭಾರತೀಯರು ಬಂದಿಳಿದ 150ನೆಯ ವರ್ಷದ ಹೊತ್ತಿಗೆ, 1995ರಲ್ಲಿ, ಹೊಸದಾಗಿ ಕಟ್ಟಿ ಮುಗಿಸಿದರು. ಕಾಲುದಾರಿಯ ಆರಂಭದಲ್ಲಿ ಆತನ ಪ್ರತಿಮೆಯಿದೆ. ಪಕ್ಕದಲ್ಲೇ ಹಿಂದೂಗಳ ದಹನಭೂಮಿ. ಅಲ್ಲಿ ಚಿತೆ ಉರಿಯುತ್ತಿದ್ದರೆ ಕ್ಯಾಮೆರಾ ಒಳಗಿಡಿ.

ಗುಡಿಯ ಹತ್ತಿರವೇ ಇಂಡಿಯನ್ ಕೆರಿಬಿಯನ್ ಮ್ಯೂಸಿಯಂ ಇದೆ. ತೆರೆದಿರುತ್ತದೆಯೇ ಎಂದು ಮೊದಲೇ ಕೇಳಿಕೊಂಡು ಹೋಗಿ. 1845ರಿಂದ 1917ರವರೆಗೆ ಒಂದು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಜನ ಭಾರತದಿಂದ ಕರಾರು ಕೂಲಿಗಳಾಗಿ ಇಲ್ಲಿಗೆ ಬಂದರು, ಹೆಚ್ಚಿನವರು ಭೋಜಪುರಿ ಸೀಮೆಯವರು. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಇಂದು ಭೋಜಪುರಿ ಮರೆತು ಇಂಗ್ಲಿಷ್ ಆಡುತ್ತಾರೆ. ಆದರೆ ತಂದೆಯ ತಂದೆ ತಾಯಿಯನ್ನು ಈಗಲೂ ‘ಆಜಾ’, ‘ಆಜಿ’ ಎಂದೇ ಕರೆಯುತ್ತಾರೆ. ನಮ್ಮ ಕಿವಿಗೆ ಅದು ಅಜ್ಜ, ಅಜ್ಜಿ ಎಂದೇ ಕೇಳುತ್ತದೆ.

ಅಲ್ಲಿಂದ ಸ್ವಲ್ಪ ದೂರದ ಕಾರಾಪಿಚೈಮಾದಲ್ಲಿ 85 ಅಡಿ ಎತ್ತರದ ಹನುಮಂತ ನಿಂತಿದ್ದಾನೆ. 2003ರಲ್ಲಿ ಪ್ರತಿಷ್ಠಾಪನೆಯಾದ ಈ ಮೂರ್ತಿ ಇರುವ ದತ್ತಾತ್ರೇಯ ಕ್ಷೇತ್ರ ಮೈಸೂರಿನ ಅವಧೂತ ದತ್ತಪೀಠದ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ಪರಂಪರೆಗೆ ಸೇರಿದ್ದು. ಮೈಸೂರಿನವರು ತಾವು ಅಲ್ಲಿಯವರು ಎಂದು ಹೇಳಿ ನೋಡಿ, ಮಾತು ತಾನೇ ಬೆಳೆಯುತ್ತದೆ. ಮೊಣಕಾಲು ಮುಚ್ಚುವ ಬಟ್ಟೆ ತೊಡಿ.

ಮಧ್ಯಾಹ್ನ ಮೂರಕ್ಕೆ ಅಲ್ಲಿಂದ ಹೊರಡಲೇಬೇಕು. ರಾಜಧಾನಿಗೆ ಮರಳುವ ಹೆದ್ದಾರಿಯ ಬದಿಯಲ್ಲೇ ಕರೋನಿ ಜೌಗು. ದೋಣಿಗಳು ನಾಲ್ಕರ ಸುಮಾರಿಗೆ ಹೊರಡುತ್ತವೆ, ಜಾಗವನ್ನು ಹಿಂದಿನ ದಿನವೇ ಹೇಳಿ ಇಡಿಸಿ. ಒಮ್ಮೆ ಹೊರಟರೆ ಎರಡು ಗಂಟೆಗೂ ಹೆಚ್ಚು ಶೌಚಾಲಯವಿಲ್ಲ ಎಂಬುದು ಮಕ್ಕಳಿರುವವರಿಗೆ ನೆನಪಿರಲಿ. ದುರ್ಬೀನು ಇದ್ದರೆ ತನ್ನಿ. ಕಾಂಡ್ಲಾ ಮರಗಳ ನಡುವಿನ ಕಾಲುವೆಯಲ್ಲಿ ದೋಣಿ ನಿಧಾನವಾಗಿ ಸಾಗುವಾಗ ತಲೆಯ ಮೇಲಿನ ಕೊಂಬೆಗಳನ್ನು ಗಮನಿಸಿ. ಸುರುಳಿ ಸುತ್ತಿ ಮಲಗಿದ ಮರಹಾವನ್ನು ದೋಣಿಯವನು ತೋರಿಸುತ್ತಾನೆ.

ಆಮೇಲೆ ವಿಶಾಲ ಹಿನ್ನೀರು. ಎದುರಿನ ನಡುಗಡ್ಡೆಯಿಂದ ಬಹಳ ದೂರದಲ್ಲೇ ಎಂಜಿನ್ ನಿಲ್ಲಿಸಿ ದೋಣಿ ಕಟ್ಟುತ್ತಾರೆ. ಮೊದಲು ಒಂದು ಕೆಂಪು ಚುಕ್ಕೆ. ಆಮೇಲೆ ಐದು, ಹತ್ತು, ಸಾಲು ಸಾಲು. ಸ್ಕಾರ್ಲೆಟ್ ಐಬಿಸ್, ಟ್ರಿನಿಡಾಡ್‌ನ ರಾಷ್ಟ್ರಪಕ್ಷಿ, ರಂಗನತಿಟ್ಟಿನಲ್ಲಿ ನಾವು ಕಾಣುವ ಬಿಳಿ ಐಬಿಸ್‌ನ ಬಳಗದ್ದು. ಮರಿಯಾಗಿದ್ದಾಗ ಇದರದು ಬೂದುಗಂದು ಬಣ್ಣ. ಏಡಿ, ಸಿಗಡಿಗಳನ್ನು ತಿನ್ನುತ್ತ ತಿನ್ನುತ್ತ ಅವುಗಳಲ್ಲಿರುವ ವರ್ಣದ್ರವ್ಯದಿಂದ ಗರಿಗಳು ಕೆಂಪೇರುತ್ತವೆ. ಅರ್ಧ ಗಂಟೆಯೊಳಗೆ ಹಸಿರು ನಡುಗಡ್ಡೆಯ ಕೊಂಬೆ ಕೊಂಬೆಯಲ್ಲೂ ಕೆಂಪು. ಮುತ್ತುಗದ ಮರ ಎಲೆ ಉದುರಿಸಿಕೊಂಡ ಮೇಲೆ ಹೂ ತಳೆಯುತ್ತದೆ. ಇಲ್ಲಿ ಎಲೆಯೂ ಇದೆ, ಕೆಂಪೂ ಇದೆ. ಹತ್ತಿರ ಹೋಗೋಣ ಎಂದು ದೋಣಿಯವನನ್ನು ಒತ್ತಾಯಿಸಬೇಡಿ. ಬೆದರಿದರೆ ಅವು ರಾತ್ರಿಯ ಆಶ್ರಯವನ್ನೇ ಬಿಟ್ಟು ಹಾರುತ್ತವೆ. ಕಳ್ಳಬೇಟೆಯ ಕಾಟ ವಿಪರೀತವಾಗಿ 2018ರಲ್ಲಿ ಸರ್ಕಾರ ಭಾರಿ ದಂಡ ಮತ್ತು ಜೈಲಿನ ಶಿಕ್ಷೆ ತರಬೇಕಾಯಿತು.

ಹಂತ 6: ಮೂರನೆಯ ದಿನ, ಡಾಂಬರಿನ ಕೆರೆ

ನೈರುತ್ಯದ ಲಾ ಬ್ರೇ ಊರಿಗೆ ಬೆಳಿಗ್ಗೆ ಬೇಗ ಹೊರಡಿ, ಬಿಸಿಲಿಗೆ ಕೆರೆಯ ಮೇಲೆ ನಿಲ್ಲಲಾಗುವುದಿಲ್ಲ. ಸುಮಾರು 100 ಎಕರೆಯ ಈ ಕೆರೆ ಜಗತ್ತಿನ ಅತಿ ದೊಡ್ಡ ನೈಸರ್ಗಿಕ ಡಾಂಬರಿನ ನಿಕ್ಷೇಪ. 1595ರಲ್ಲಿ ಇಂಗ್ಲೆಂಡಿನ ನಾವಿಕ ವಾಲ್ಟರ್ ರಾಲಿ ತನ್ನ ಹಡಗುಗಳ ಬಿರುಕು ಮುಚ್ಚಲು ಇದನ್ನೇ ಬಳಸಿದ. ದೂರದಿಂದ ನೋಡಿದರೆ ಯಾವುದೋ ಹಳೆಯ ವಾಹನ ನಿಲುಗಡೆಯ ಜಾಗದಂತೆ ಕಂಡು ಬೇಸರವಾಗಬಹುದು. ಮಾರ್ಗದರ್ಶಕನ ಜೊತೆ ಒಳಗೆ ನಡೆದಾಗಲೇ ಇದರ ಗುಣ ತಿಳಿಯುವುದು. ಮೇಲ್ಮೈ ಆನೆಯ ಚರ್ಮದಂತೆ ಮಡಿಕೆ ಮಡಿಕೆ, ಒಂದೇ ಕಡೆ ನಿಂತರೆ ಪಾದ ಮೆಲ್ಲಗೆ ಅಚ್ಚೊತ್ತುತ್ತ ಇಳಿಯುತ್ತದೆ, ಅಲ್ಲಲ್ಲಿ ಗುಳ್ಳೆ ಏಳುವ ಗಂಧಕದ ನೀರಿನ ಹೊಂಡಗಳು. ಕೆಲವು ಭಾಗ ಗಟ್ಟಿ, ಕೆಲವು ನಿಜಕ್ಕೂ ನುಂಗುವಷ್ಟು ಮೆದು, ಎರಡೂ ಹೊರಗಿನವರ ಕಣ್ಣಿಗೆ ಒಂದೇ. ಅಧಿಕೃತ ಮಾರ್ಗದರ್ಶಕನಿಲ್ಲದೆ ಕಾಲಿಡಬೇಡಿ, ಚಪ್ಪಟೆ ಅಟ್ಟೆಯ ಹಳೆಯ ಚಪ್ಪಲಿ ಹಾಕಿ. ಊರಿನ ರಸ್ತೆಗಳೂ ಮನೆಗಳೂ ಅಡಿಯ ಡಾಂಬರು ಸರಿದಂತೆ ವಾಲಿರುವುದನ್ನು ನೋಡಬಹುದು.

ಮರಳುವಾಗ ಡೇಬೇ ಊರಿನ ತಿಂಡಿ ಸಾಲಿನಲ್ಲಿ ನಿಲ್ಲಿಸಿ ಸಹೀನಾ, ಫುಲೌರಿ ಎಂಬ ಕರಿದ ತಿಂಡಿಗಳನ್ನು ತಿನ್ನಿ. ಸಮಯವಿದ್ದರೆ ಪ್ರಿನ್ಸಸ್ ಟೌನ್ ಬಳಿಯ ‘ಡೆವಿಲ್ಸ್ ವುಡ್‌ಯಾರ್ಡ್’ ಎಂಬ ಮಣ್ಣಿನ ಜ್ವಾಲಾಮುಖಿಯನ್ನೂ ನೋಡಿ. ತಣ್ಣನೆಯ ಕೆಸರು ಗುಳುಗುಳು ಎನ್ನುವ ಆ ಜಾಗದಲ್ಲಿ ಸುತ್ತಲಿನ ಹಿಂದೂಗಳು ಪೂಜೆ ಸಲ್ಲಿಸುತ್ತಾರೆ.

ಹಂತ 7: ನಾಲ್ಕನೆಯ ದಿನ, ಕಡಲಿನಲ್ಲಿ ಈಜು

ಉತ್ತರದ ಗುಡ್ಡ ದಾಟಿದರೆ ಮರಾಕಸ್ ಕೊಲ್ಲಿ, ಇಲ್ಲಿ ನೀರು ನೀಲಿ. ಎಳೆತ ಜೋರಾಗಿರುವ ಕಡಲಿದು. ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ಈಜಿ, ಬರೀ ಕೆಂಪು ಬಾವುಟವಿದ್ದರೆ ಇಳಿಯಲೇಬೇಡಿ. ದಾರಿಯಲ್ಲಿ ಸಿಗುವ ‘ಚೌ’ ತಿನ್ನಿ. ಅನಾನಸ್ ಅಥವಾ ಮಾವಿನಕಾಯಿಗೆ ಉಪ್ಪು, ಮೆಣಸು, ಶಾಡೊ ಬೆನಿ ಕಲಸಿದ್ದು. ಇಲ್ಲಿಯ ಹೆಸರಾಂತ ತಿಂಡಿ ಶಾರ್ಕ್ ಮೀನು ತುಂಬಿದ ಕರಿದ ರೊಟ್ಟಿ. ಶಾರ್ಕ್‌ಗಳು ಜಗತ್ತಿನೆಲ್ಲೆಡೆ ಕುಸಿಯುತ್ತಿರುವುದರಿಂದ ಬೇರೆ ಮೀನು ಹಾಕಿಸಿಕೊಳ್ಳಿ ಎಂಬುದು ನನ್ನ ಕೋರಿಕೆ.

ಹಂತ 8: ಐದನೆಯ ರಾತ್ರಿ, ಆಮೆ

ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಆಮೆಗಳು ಮೊಟ್ಟೆಯಿಡುವ ಮಾಟುರಾ ಮತ್ತು ಗ್ರಾಂಡ್ ರಿವಿಯೇರ್ ಕಡಲತೀರಗಳಿಗೆ ಕಾಲಿಡಲು ಪರವಾನಗಿ ಬೇಕು. ಸ್ಥಳೀಯ ಮಾರ್ಗದರ್ಶಕ ತಂಡಗಳೇ ಅದನ್ನು ಮಾಡಿಸಿಕೊಡುತ್ತವೆ. ಈಶಾನ್ಯ ತುದಿಯ ಗ್ರಾಂಡ್ ರಿವಿಯೇರ್‌ಗೆ ಎರಡೂವರೆ, ಮೂರು ಗಂಟೆಯ ಅಂಕುಡೊಂಕು ದಾರಿ. ಅಲ್ಲೇ ರಾತ್ರಿ ಉಳಿಯಿರಿ.

ಗಾಢ ಬಣ್ಣದ ಬಟ್ಟೆ ತೊಡಿ. ಮೊಬೈಲ್ ಜೇಬಿನಲ್ಲೇ ಇರಲಿ, ಬಿಳಿ ಬೆಳಕು ಕಂಡರೆ ಆಮೆ ಮೊಟ್ಟೆಯಿಡದೆ ಕಡಲಿಗೆ ಮರಳಬಹುದು. ಮಾರ್ಗದರ್ಶಕರ ಕೆಂಪು ದೀಪವೊಂದೇ ಸಾಕು. ತೊಗಲು ಬೆನ್ನಿನ ಈ ಕಡಲಾಮೆ ನೂರಾರು ಕಿಲೋ ತೂಗುತ್ತದೆ. ಹಿಂಗಾಲುಗಳಿಂದ ಗುಂಡಿ ತೋಡುವಾಗ ಒಂದು ಕಾಲು ಅಂಗೈಯಂತೆ ಬಾಗಿ ಮರಳನ್ನು ಮೊಗೆದು ಪಕ್ಕಕ್ಕಿಡುತ್ತದೆ, ಆಮೇಲೆ ಇನ್ನೊಂದು ಕಾಲು. ತಾನು ಮಾಡುತ್ತಿರುವುದನ್ನು ಅದು ಒಮ್ಮೆಯೂ ನೋಡುವುದಿಲ್ಲ. ಮೊಟ್ಟೆಗಳು ಬೀಳಲು ಶುರುವಾದ ಮೇಲೆ ಮಂಪರಿನಲ್ಲಿರುತ್ತದೆ, ಆಗ ಮಾತ್ರ ಹತ್ತಿರ ಬಿಡುತ್ತಾರೆ. ಕಣ್ಣಿನಿಂದ ಇಳಿಯುವ ದಪ್ಪ ನೀರು ಮೈಯ ಹೆಚ್ಚಿನ ಉಪ್ಪನ್ನು ಹೊರಹಾಕುವ ಬಗೆ. ಅದು ಗೊತ್ತಿದ್ದರೂ ನೋಡುವವರ ಗಂಟಲು ಕಟ್ಟುತ್ತದೆ. ಬೆಳಕು ಹರಿಯುವಾಗ ಇನ್ನೊಮ್ಮೆ ತೀರಕ್ಕೆ ಬನ್ನಿ, ತಡವಾಗಿ ಬಂದ ಒಂದೆರಡು ಆಮೆಗಳು ಕಡಲಿಗೆ ಮರಳುತ್ತಿರಬಹುದು. ಅವುಗಳ ದಾರಿಗೆ ಅಡ್ಡ ನಿಲ್ಲಬೇಡಿ.

ಹಂತ 9: ಎರಡು ದಿನ ಉಳಿದಿದ್ದರೆ ಟೊಬೇಗೊ

ಬಿಳಿ ಮರಳಿನ ಆಸೆ ಇನ್ನೂ ಇದ್ದರೆ ಅದು ತೀರುವುದು ಅದೇ ದೇಶದ ಅವಳಿ ದ್ವೀಪ ಟೊಬೇಗೊದಲ್ಲಿ. ವಿಮಾನದಲ್ಲಿ 25 ನಿಮಿಷ, ಹಡಗಿನಲ್ಲಿ ನಾಲ್ಕು ಗಂಟೆಯ ಆಸುಪಾಸು. ಬೂಕೂ ಹವಳದ ದಿಬ್ಬವನ್ನು ಗಾಜಿನ ತಳದ ದೋಣಿಯಲ್ಲಿ ನೋಡಿ, ಹವಳದ ಮೇಲೆ ಕಾಲೂರಬೇಡಿ. ನಡುಗಡಲಲ್ಲಿ ಸೊಂಟದ ಮಟ್ಟದ ತಿಳಿನೀರಿನ ನೈಲಾನ್ ಪೂಲ್‌ಗೂ ಅದೇ ದೋಣಿ ಹೋಗುತ್ತದೆ. ಮರುದಿನ ಬೆಳಿಗ್ಗೆ ಮೇನ್ ರಿಜ್ ಕಾಡು ಹತ್ತಿ. ಮಳೆ ತಪ್ಪದಿರಲಿ ಎಂದು 1776ರಲ್ಲೇ ಕಾನೂನು ಮಾಡಿ ಉಳಿಸಿಕೊಂಡ ಕಾಡು ಅದು.

ಮರಳುವ ದಿನ ಹಳದಿ ಜ್ವರದ ಪ್ರಮಾಣಪತ್ರವನ್ನು ಪಾಸ್‌ಪೋರ್ಟ್ ಜೊತೆಗೇ ಕೈಚೀಲದಲ್ಲಿಡಿ. ದೊಡ್ಡ ಪೆಟ್ಟಿಗೆಗೆ ಹಾಕಿದರೆ ಕಷ್ಟ, ಏಕೆಂದರೆ ಭಾರತದಲ್ಲಿ ಇಳಿದಾಗ ಆರೋಗ್ಯ ತಪಾಸಣೆಯ ಮೇಜು ಪೆಟ್ಟಿಗೆ ಕೈಗೆ ಸಿಗುವುದಕ್ಕಿಂತ ಮೊದಲೇ ಬರುತ್ತದೆ.